ಎನ್‌ಡಿಪಿಎಸ್ ಕೇಸಿನಲ್ಲಿ ಹತ್ತು ವರ್ಷದ ಕನಿಷ್ಠ ಶಿಕ್ಷೆ: ಹೈಕೋರ್ಟ್ ಮೇಲ್ಮನವಿಗೆ ಹಂತ ಹಂತದ ಮಾರ್ಗದರ್ಶಿ

ಶಿಕ್ಷೆಯಾದವರ ಮನೆಯವರು ಅಪೀಲು ಹಾಕಬೇಕು ಅಂತ ಬರುವಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರೊಳಗೆ ರೇಷನ್ ಕಾರ್ಡ್, ತಾಯಿಯ ಆಸ್ಪತ್ರೆ ಚೀಟಿ, ಮಕ್ಕಳ ಮಾರ್ಕ್ಸ್ ಕಾರ್ಡ್. ತೀರ್ಪಿನ ಕೊನೆಯ ಎರಡು ಪುಟದ ಜೆರಾಕ್ಸ್. ಜಪ್ತಿ ಮಹಜರು ಇರುವುದಿಲ್ಲ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಲ್ಯಾಬ್) ವರದಿ ಇರುವುದಿಲ್ಲ, ಸಾಕ್ಷಿಗಳ ಹೇಳಿಕೆ ಇರುವುದಿಲ್ಲ. ತೀರ್ಪು ಬಂದು ಮೂರು ತಿಂಗಳಾಗಿರುತ್ತದೆ.

ಮಾದಕ ವಸ್ತು ಕೇಸುಗಳಲ್ಲಿ ಇದೇ ತಪ್ಪು ಮತ್ತೆ ಮತ್ತೆ ಆಗುತ್ತಿದೆ. ಅದಕ್ಕೇ ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಕಾಲು ಜಾರುತ್ತದೆ ಅನ್ನುವುದನ್ನು ಇಲ್ಲಿ ಸಾಲಾಗಿ ಬರೆದಿದ್ದೇನೆ. ಇದನ್ನು ಓದಿ ನೀವೇ ವಾದ ಮಾಡಿ ಅಂತ ಹೇಳುತ್ತಿಲ್ಲ. ವಕೀಲರ ಮುಂದೆ ಕೂತಾಗ ಏನು ಕೊಡಬೇಕು, ಏನು ಕೇಳಬೇಕು ಅನ್ನುವುದು ನಿಮಗೆ ಗೊತ್ತಿರಲಿ.

ಶುರು ಮಾಡುವ ಮೊದಲು: ಈ ಹತ್ತು ವರ್ಷ ಎಲ್ಲಿಂದ ಬಂತು?

ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆ, 1985ರದ್ದು, ಕೇಂದ್ರದ ಕಾನೂನು. ಇದರಲ್ಲಿ ಶಿಕ್ಷೆ ನಿಂತಿರುವುದು ತೂಕದ ಮೇಲೆ. ಸಣ್ಣ ಪ್ರಮಾಣ, ನಡುವಿನ ಪ್ರಮಾಣ, ವಾಣಿಜ್ಯ ಪ್ರಮಾಣ ಅಂತ ಮೂರು ಮೆಟ್ಟಿಲು. ಗಾಂಜಾ ಲೆಕ್ಕದಲ್ಲಿ 1 ಕಿಲೋ ಒಳಗೆ ಸಣ್ಣದು, 20 ಕಿಲೋ ದಾಟಿದರೆ ವಾಣಿಜ್ಯ. ಚರಸ್ 1 ಕಿಲೋ, ಹೆರಾಯಿನ್ 250 ಗ್ರಾಂ, ಕೊಕೇನ್ 100 ಗ್ರಾಂ, ಎಂಡಿಎಂಎ ಬರೀ 10 ಗ್ರಾಂ ದಾಟಿದರೆ ವಾಣಿಜ್ಯ.

ವಾಣಿಜ್ಯ ಪ್ರಮಾಣ ಅಂತ ಸಾಬೀತಾದರೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಕಠಿಣ ಸಜೆ. ದಂಡ ಕನಿಷ್ಠ 1 ಲಕ್ಷ. ಹಿಂದೆ ಇಂಥದ್ದೇ ಕೇಸಿನಲ್ಲಿ ಶಿಕ್ಷೆಯಾಗಿದ್ದರೆ ಕಲಂ 31ರ ಪ್ರಕಾರ ಕನಿಷ್ಠವೇ ಒಂದೂವರೆ ಪಟ್ಟು, ಅಂದರೆ 15 ವರ್ಷ. ನಡುವಿನ ಪ್ರಮಾಣವಾದರೆ 10 ವರ್ಷದವರೆಗೆ ಶಿಕ್ಷೆ ಕೊಡಬಹುದು, ಆದರೆ ಕನಿಷ್ಠ ಅಂತ ಇಲ್ಲ. ಎರಡು ವರ್ಷ ಕೊಡಬಹುದು, ಮೂರು ಕೊಡಬಹುದು.

ಈ ಕನಿಷ್ಠ ಶಿಕ್ಷೆಯನ್ನು ಕೆಳಗಿನ ಕೋರ್ಟಿನ ಜಡ್ಜ್ ಕಡಿಮೆ ಮಾಡುವ ಹಾಗಿಲ್ಲ. ಹೈಕೋರ್ಟ್ ಕೂಡ ಅಪರಾಧವನ್ನು ಹಾಗೇ ಉಳಿಸಿ 10 ವರ್ಷವನ್ನು 6 ಮಾಡುವ ಹಾಗಿಲ್ಲ. ಹಾಗಾಗಿ ‘ಮನೆಗೆ ಇವನೊಬ್ಬನೇ ದಿಕ್ಕು, ದಯೆ ತೋರಿಸಿ’ ಅನ್ನುವ ಅಪೀಲು ಎಷ್ಟೇ ನಿಜವಾದರೂ ಇಲ್ಲಿ ಕೆಲಸ ಮಾಡುವುದಿಲ್ಲ. ಅದನ್ನು ಕೇಳಿ ಜಡ್ಜ್ ಮನಸ್ಸು ಕರಗಿದರೂ ಅವರ ಕೈ ಕಟ್ಟಿರುತ್ತದೆ.

ನಿಮಗೆ ದಾರಿ ಎರಡೇ. ಒಂದು, ಅಪರಾಧವೇ ಸಾಬೀತಾಗಿಲ್ಲ ಅಂತ ತೋರಿಸಿ ಬಿಡುಗಡೆ ಕೇಳುವುದು. ಇನ್ನೊಂದು, ವಾಣಿಜ್ಯ ಪ್ರಮಾಣ ಅನ್ನುವುದು ಸಾಬೀತಾಗಿಲ್ಲ ಅಂತ ತೋರಿಸಿ ಒಂದು ಮೆಟ್ಟಿಲು ಕೆಳಗಿಳಿಸುವುದು. ಮುಂದಿನ ಎಲ್ಲ ಹಂತಗಳೂ ಈ ಎರಡಕ್ಕಾಗಿಯೇ.

ಹಂತ 1: ಮೊದಲ ವಾರ — ನಕಲು ಮತ್ತು ದಿನಾಂಕ

ಶಿಕ್ಷೆಯಾದವರಿಗೆ ತೀರ್ಪಿನ ಒಂದು ಪ್ರತಿಯನ್ನು ಕೋರ್ಟ್ ಪುಕ್ಕಟೆ ಕೊಡಬೇಕು. ಅದು ಅವರ ಕೈಗೇ ಹೋಗುತ್ತದೆ, ಅವರ ಜೊತೆ ಜೈಲಿಗೂ ಹೋಗುತ್ತದೆ. ಮನೆಯವರು ಅದನ್ನು ನೋಡಿಯೇ ಇರುವುದಿಲ್ಲ. ಮೊದಲ ಭೇಟಿಯಲ್ಲೇ ಆ ಪ್ರತಿ ಎಲ್ಲಿದೆ ಅಂತ ಕೇಳಿ.

ಜೊತೆಗೆ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿ ಈ ದಾಖಲೆಗಳ ದೃಢೀಕೃತ ನಕಲು ತೆಗೆದುಕೊಳ್ಳಿ:

- ಪೂರ್ತಿ ತೀರ್ಪು ಮತ್ತು ಶಿಕ್ಷೆಯ ಆದೇಶ
- ಎಫ್‌ಐಆರ್, ದೋಷಾರೋಪ ಪಟ್ಟಿ, ಕೋರ್ಟ್ ಹೊರಿಸಿದ ಆರೋಪ
- ಎಲ್ಲ ಸಾಕ್ಷಿಗಳ ಮುಖ್ಯ ವಿಚಾರಣೆ ಮತ್ತು ಪಾಟಿ ಸವಾಲು
- ಜಪ್ತಿ ಮಹಜರು, ಮ್ಯಾಜಿಸ್ಟ್ರೇಟ್ ಮುಂದೆ ಮಾಡಿದ ಇನ್ವೆಂಟರಿ (ಮಾಲಿನ ಪಟ್ಟಿ), ಎಫ್‌ಎಸ್‌ಎಲ್ ವರದಿ
- ಠಾಣೆಯ ಮುದ್ದೆಮಾಲು (ಜಪ್ತಿಯಾದ ಮಾಲು) ರಿಜಿಸ್ಟರಿನ ಪುಟ, ಅದನ್ನು ಕೋರ್ಟಿನಲ್ಲಿ ಗುರುತು ಮಾಡಿದ್ದರೆ
- ಆರೋಪಿಯ ಹೇಳಿಕೆ, ಅಂದರೆ ಹಳೆಯ ಸಿಆರ್‌ಪಿಸಿ (ಕ್ರಿಮಿನಲ್ ಪ್ರಕ್ರಿಯೆ ಸಂಹಿತೆ) ಕಲಂ 313, ಅದರ ಜಾಗಕ್ಕೆ ಬಂದಿರುವ ಈಗಿನ ಬಿಎನ್‌ಎಸ್‌ಎಸ್ ಕಲಂ 351ರ ಪ್ರಶ್ನೋತ್ತರ

ಇನ್ನು ದಿನಾಂಕದ ಲೆಕ್ಕ. ಹೈಕೋರ್ಟಿಗೆ ಅಪೀಲು ಹಾಕಲು 60 ದಿನ. ತೀರ್ಪಿನ ದಿನವನ್ನು ಎಣಿಸಬಾರದು. ನಕಲು ಸಿದ್ಧವಾಗಲು ಹಿಡಿದ ದಿನಗಳನ್ನೂ ಕಳೆಯಬಹುದು.

ಒಂದು ಉದಾಹರಣೆ ನೋಡಿ. ಜೂನ್ 1ಕ್ಕೆ ತೀರ್ಪು. ಜೂನ್ 2 ಮೊದಲನೇ ದಿನ, ಜುಲೈ 31 ಅರವತ್ತನೇ ದಿನ. ನೀವು ಜೂನ್ 6ಕ್ಕೆ ನಕಲು ಅರ್ಜಿ ಹಾಕಿದಿರಿ, ಜೂನ್ 20ಕ್ಕೆ ಸಿದ್ಧವಾಯಿತು. ಆ 15 ದಿನ ನಿಮಗೆ ಸಿಗುತ್ತದೆ. ಕೊನೆಯ ದಿನ ಆಗಸ್ಟ್ 15ಕ್ಕೆ ಹೋಯಿತು. ಅವತ್ತು ರಜೆ, ಹಾಗಾಗಿ ಕೋರ್ಟ್ ಮತ್ತೆ ತೆರೆದ ದಿನ ಹಾಕಬಹುದು. ಆದರೆ ಜೂನ್ 2ರಿಂದ 5ರವರೆಗೆ ಸುಮ್ನೆ ಕಳೆದ ದಿನಗಳು ವಾಪಸ್ ಬರುವುದಿಲ್ಲ. ಸಿದ್ಧವಾದ ನಕಲನ್ನು ಹೋಗಿ ತಗೊಳ್ಳದೆ ಬಿಟ್ಟ ದಿನಗಳೂ ನಿಮ್ಮ ಲೆಕ್ಕಕ್ಕೇ. ಪುಕ್ಕಟೆ ಪ್ರತಿ ಮೊದಲೇ ಸಿಕ್ಕಿದ್ದರೆ ಈ ವಿನಾಯಿತಿಗೆ ತಕರಾರು ಬರಬಹುದು. ಆದ್ದರಿಂದ 60ರ ಒಳಗೇ ಹಾಕುವುದು ಕ್ಷೇಮ.

ಗಡುವು ಆಗಲೇ ಮುಗಿದಿದ್ದರೆ? ಕೈಬಿಡಬೇಡಿ. ತಡವನ್ನು ಮನ್ನಿಸಿ ಅಂತ ಕೇಳುವ ಅರ್ಜಿ ಜೊತೆಗಿಟ್ಟು ಅಪೀಲು ಹಾಕಬಹುದು. ಇಲ್ಲಿ ಎಲ್ಲರೂ ಬರೆಯುವ ಸಾಲು ‘ಬಡತನ ಮತ್ತು ತಿಳಿವಳಿಕೆ ಇಲ್ಲದ ಕಾರಣ’. ಅದೊಂದೇ ಸಾಲದು. ಯಾವ ತಾರೀಖಿಗೆ ಏನಾಯಿತು ಅಂತ ಬರೆಯಿಸಿ: ಇಂಥ ದಿನ ಬೇರೆ ಜೈಲಿಗೆ ಕಳಿಸಿದರು, ಇಂಥ ದಿನ ಹಳೆಯ ವಕೀಲರು ಫೈಲು ವಾಪಸ್ ಕೊಟ್ಟರು, ಇಂಥ ದಿನದಿಂದ ಇಂಥ ದಿನದವರೆಗೆ ತಂದೆ ಆಸ್ಪತ್ರೆಯಲ್ಲಿದ್ದರು. ಪ್ರತಿಯೊಂದಕ್ಕೂ ಒಂದು ಕಾಗದ. ನಿಮ್ಮ ಕವರಿನಲ್ಲಿರುವ ಆ ಆಸ್ಪತ್ರೆ ಚೀಟಿ ಉಪಯೋಗಕ್ಕೆ ಬರುವುದು ಇಲ್ಲಿ.

ಹಂತ 2: ಯಾರ ಮೂಲಕ, ಎಲ್ಲಿ ಹಾಕಬೇಕು

ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ವ್ಯಾಪ್ತಿಯಲ್ಲಿ ಬೆಳಗಾವಿ, ಬಾಗಲಕೋಟೆ, ಬಳ್ಳಾರಿ, ಗದಗ, ಹಾವೇರಿ, ಕೊಪ್ಪಳ, ಉತ್ತರ ಕನ್ನಡದಂಥ ಜಿಲ್ಲೆಗಳು ಬರುತ್ತವೆ. ಬೀದರ್, ರಾಯಚೂರು, ಯಾದಗಿರಿ, ವಿಜಯಪುರದವರು ಕಲಬುರಗಿ ಪೀಠಕ್ಕೆ ಹೋಗಬೇಕು. ಮೈಸೂರು, ಮಂಗಳೂರು, ಬೆಂಗಳೂರು ಕಡೆಯವರಿಗೆ ಬೆಂಗಳೂರಿನ ಪ್ರಧಾನ ಪೀಠ. ಲೆಕ್ಕಕ್ಕೆ ಬರುವುದು ಶಿಕ್ಷೆ ಕೊಟ್ಟ ಕೋರ್ಟ್ ಇರುವ ಜಿಲ್ಲೆ. ನಿಮ್ಮ ಸ್ವಂತ ಊರು ಯಾವುದು ಅನ್ನುವುದು ಮುಖ್ಯ ಅಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ನೆರವು ಕೇಳಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರಲ್ಲಿ, ಬಂಧನದಲ್ಲಿರುವ ವ್ಯಕ್ತಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ಹಕ್ಕಿದೆ. ಆದಾಯ ಪ್ರಮಾಣಪತ್ರ ತನ್ನಿ ಅಂತ ಯಾರಾದರೂ ಓಡಾಡಿಸಿದರೆ ಈ ಕಲಂ ತೋರಿಸಿ. ಜೈಲಿನಲ್ಲೇ ಕಾನೂನು ನೆರವು ಕೇಂದ್ರ ಇರುತ್ತದೆ. ಹೈಕೋರ್ಟಿಗೆ ಪ್ರತ್ಯೇಕ ಕಾನೂನು ಸೇವಾ ಸಮಿತಿ ಇದೆ. ಸಹಾಯವಾಣಿ ಸಂಖ್ಯೆ 15100.

ಯಾವ ವಕೀಲರೂ ಸಿಗುವ ಮೊದಲೇ ಗಡುವು ಹತ್ತಿರ ಬಂತು ಅಂದರೆ ಜೈಲಿನಿಂದಲೇ ಅಪೀಲು ಕಳಿಸಬಹುದು. ಬಿಎನ್‌ಎಸ್‌ಎಸ್ ಕಲಂ 424ರ ಪ್ರಕಾರ ಅಪೀಲು ಅರ್ಜಿಯನ್ನು ತೀರ್ಪಿನ ಪ್ರತಿಯ ಜೊತೆ ಜೈಲು ಅಧಿಕಾರಿಗೆ ಕೊಟ್ಟರೆ ಅವರು ಕೋರ್ಟಿಗೆ ತಲುಪಿಸಬೇಕು. ಅದನ್ನು ಕೊಟ್ಟ ತಾರೀಖನ್ನು ಬರೆದಿಟ್ಟುಕೊಳ್ಳಿ. ಈ ಅರ್ಜಿ ಚಿಕ್ಕದಿದ್ದರೂ ಪರವಾಗಿಲ್ಲ. ಹೆಚ್ಚಿನ ಆಧಾರಗಳನ್ನು ಸೇರಿಸಲು ವಕೀಲರು ಆಮೇಲೆ ಕೋರ್ಟಿನ ಅನುಮತಿ ಕೇಳಬಹುದು.

ಎಚ್ಚರಿಕೆ: ‘ಸಸ್ಪೆನ್ಷನ್ (ಶಿಕ್ಷೆ ಅಮಾನತು) ಗ್ಯಾರಂಟಿ’ ಅಂತ ತಾರೀಖು ಹೇಳಿ ದುಡ್ಡು ಕೇಳುವವರಿಂದ ದೂರ ಇರಿ. ಖಾಲಿ ಕಾಗದಕ್ಕೆ ಸಹಿ ಕೇಳುವುದು, ರಸೀದಿ ಕೊಡದಿರುವುದು, ಅಪೀಲು ನಂಬರ್ ಕೇಳಿದರೆ ಮಾತು ಬದಲಿಸುವುದು, ಇವೂ ಕೆಟ್ಟ ಲಕ್ಷಣಗಳು. ಅಪೀಲು ದಾಖಲಾದರೆ ಅದರ ನಂಬರ್ ಹೈಕೋರ್ಟ್ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು.

ಹಂತ 3: ತೂಕ ನೋಡಿ

ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ. ಒಂದು ಪೆನ್ಸಿಲ್ ಹಿಡಿದು ಮಹಜರು, ಇನ್ವೆಂಟರಿ, ಎಫ್‌ಎಸ್‌ಎಲ್ ವರದಿ, ಸಾಕ್ಷಿ ಹೇಳಿಕೆ ನಾಲ್ಕನ್ನೂ ಪಕ್ಕಪಕ್ಕ ಇಡಿ. ಪ್ರತಿಯೊಂದರಲ್ಲೂ ತೂಕ ಬಂದ ಕಡೆ ಗೆರೆ ಎಳೆಯಿರಿ. ಈ ಕೆಲಸಕ್ಕೆ ಕಾನೂನು ಓದಿರಬೇಕು ಅಂತಿಲ್ಲ. ಮನೆಯಲ್ಲಿ ಹತ್ತನೇ ಕ್ಲಾಸ್ ಓದಿದ ತಂಗಿ ಇದ್ದರೆ ಅವಳೇ ಮಾಡಬಹುದು.

*ಗಾಂಜಾ ಕೇಸಿನಲ್ಲಿ:* ಕಾಯ್ದೆಯ ಕಲಂ 2ರಲ್ಲಿ ಗಾಂಜಾ ಅಂದರೆ ಏನು ಅಂತ ಬರೆದಿದೆ. ಗಿಡದ ತುದಿಯ ಹೂ ಅಥವಾ ಕಾಯಿ ಬಿಟ್ಟ ಭಾಗ. ಆ ತುದಿಗಳ ಜೊತೆಗಿಲ್ಲದ ಬೀಜ ಮತ್ತು ಎಲೆ ಗಾಂಜಾ ಅಲ್ಲ. ಈಗ ನಮ್ಮ ಮಹಜರುಗಳಲ್ಲಿ ಸಾಮಾನ್ಯವಾಗಿ ಏನು ಬರೆದಿರುತ್ತದೆ? ‘ಗಾಂಜಾ ಸೊಪ್ಪು’. ನಾವು ಮಾತಿಗೆ ಹಾಗೇ ಹೇಳುತ್ತೇವೆ, ಪೇಪರಿನಲ್ಲೂ ಹಾಗೇ ಬರುತ್ತದೆ. ಆದರೆ ಹತ್ತು ವರ್ಷ ಕೊಡುವ ಕಾನೂನಿನಲ್ಲಿ ಬರೀ ಸೊಪ್ಪು ಲೆಕ್ಕಕ್ಕಿಲ್ಲ.

ಹಾಗಾಗಿ ನೋಡಬೇಕಾದ್ದು ಹೀಗೆ. ಮಹಜರಿನಲ್ಲಿ 21 ಕಿಲೋ 300 ಗ್ರಾಂ ಅಂತ ಇದೆ ಅಂದುಕೊಳ್ಳಿ. ಅದು ಹೂ, ತೆನೆ, ಎಲೆ, ಕಾಂಡ, ಬೀಜ ಎಲ್ಲ ಸೇರಿದ ತೂಕವಾ? ಬೇರ್ಪಡಿಸಿ ತೂಗಿದ್ದಾರಾ? ಹಸಿಯಾಗಿತ್ತಾ, ಒಣಗಿತ್ತಾ? ಗೋಣಿಚೀಲದ ಸಮೇತ ತೂಗಿದ್ದಾರಾ? ಎಫ್‌ಎಸ್‌ಎಲ್ ವರದಿಯಲ್ಲಿ ಹೂ ಬಿಟ್ಟ ತುದಿಗಳು ಕಂಡವು ಅಂತ ಬರೆದಿದ್ದಾರಾ? 20 ಕಿಲೋ ಗಡಿಯ ಆಸುಪಾಸಿನ ಕೇಸಿನಲ್ಲಿ ಈ ಪ್ರಶ್ನೆಗಳಿಂದಲೇ ಮೆಟ್ಟಿಲು ಇಳಿಯಬಹುದು. ಗಡಿ ‘ದಾಟಬೇಕು’ ಅನ್ನುವುದೂ ನೆನಪಿರಲಿ: ಸರಿಯಾಗಿ 20 ಕಿಲೋ ಇದ್ದರೆ ಅದು ವಾಣಿಜ್ಯ ಪ್ರಮಾಣ ಅಲ್ಲ. ಆದರೆ 60 ಕಿಲೋ ಸಿಕ್ಕ ಕೇಸಿನಲ್ಲಿ ‘ಎಲೆ ಕಳೆಯಿರಿ’ ಅಂದರೆ ಪ್ರಯೋಜನ ಕಡಿಮೆ. ಎಲೆಯ ಜೊತೆ ಹೂ ತುದಿ ಇದ್ದರೆ ಎಲ್ಲವೂ ಸೇರುತ್ತದೆ ಅಂತ ಸರ್ಕಾರಿ ವಕೀಲರು ವಾದಿಸುತ್ತಾರೆ, ಅದಕ್ಕೂ ತಯಾರಿರಿ.

ಹೊಲದಲ್ಲಿ ಗಿಡ ಕಿತ್ತು ತಂದು ಬೇರು ಸಮೇತ ತೂಗಿದ ಕೇಸುಗಳಿವೆ. ಗಿಡ ಬೆಳೆಸುವುದು ಕಲಂ 20(ಎ) ಅಡಿ ಬರುತ್ತದೆ. ಅದಕ್ಕೆ 10 ವರ್ಷದವರೆಗೆ ಶಿಕ್ಷೆ, ಕನಿಷ್ಠ ಅಂತ ಇಲ್ಲ. ಬೆಳೆದ ಗಿಡವನ್ನೇ 20(ಬಿ) ಅಡಿ ‘ಗಾಂಜಾ ಹೊಂದಿದ್ದ’ ಅಂತ ಮಾಡಿ ವಾಣಿಜ್ಯ ಪ್ರಮಾಣ ಲೆಕ್ಕ ಹಾಕಿದ್ದರೆ ಅದು ಅಪೀಲಿನ ದೊಡ್ಡ ಆಧಾರ.

*ಎಂಡಿಎಂಎ, ಹೆರಾಯಿನ್ ಥರದ ಪುಡಿಯಲ್ಲಿ:* ಇಲ್ಲಿ ಕವರಿನ ತೂಕ ನೋಡಿ. ಎಂಡಿಎಂಎ ಗಡಿ 10 ಗ್ರಾಂ. ಜಿಪ್ ಲಾಕ್ ಕವರ್ ಸಮೇತ 10.4 ಗ್ರಾಂ ಅಂತ ಬರೆದು, ಬರೀ ವಸ್ತು ಎಷ್ಟು ಅಂತ ಎಲ್ಲೂ ಬರೆಯದಿದ್ದರೆ ಆ 0.4 ಗ್ರಾಂ ಮೇಲೆ ಒಬ್ಬರ ಹತ್ತು ವರ್ಷ ನಿಂತಿರುತ್ತದೆ. ಯಾವ ತಕ್ಕಡಿ, ಯಾರದ್ದು, ಗ್ರಾಂ ದಶಮಾಂಶ ತೋರಿಸುವಂಥದ್ದಾ ಅನ್ನುವ ಪ್ರಶ್ನೆ ಪಾಟಿ ಸವಾಲಿನಲ್ಲಿ ಬಂದಿದೆಯಾ ಹುಡುಕಿ.

ಒಂದು ಹಳೆಯ ವಾದ ಈಗ ನಡೆಯುವುದಿಲ್ಲ. ಪುಡಿಯಲ್ಲಿ ಶುದ್ಧ ಮಾದಕ ಎಷ್ಟು ಅಂತ ಬೇರ್ಪಡಿಸಿ ಲೆಕ್ಕ ಹಾಕಿ ಅನ್ನುವ ವಾದಕ್ಕೆ 2008ರಲ್ಲಿ ಸುಪ್ರೀಂ ಕೋರ್ಟಿನ ಬಲ ಇತ್ತು. 2020ರ ಹೀರಾ ಸಿಂಗ್ ತೀರ್ಪು ಅದನ್ನು ತೆಗೆದುಹಾಕಿತು. ಈಗ ಬೆರಕೆ ಸೇರಿದ ಪೂರ್ತಿ ತೂಕವೇ ಲೆಕ್ಕ.

*ಎಷ್ಟು ಪೊಟ್ಟಣ, ಎಷ್ಟು ಸ್ಯಾಂಪಲ್:* ಹತ್ತು ಪೊಟ್ಟಣ ಸಿಕ್ಕಿ ಒಂದರ ಸ್ಯಾಂಪಲ್ ಮಾತ್ರ ಲ್ಯಾಬಿಗೆ ಹೋಗಿದ್ದರೆ, ಉಳಿದ ಒಂಬತ್ತರಲ್ಲಿ ಇದ್ದದ್ದು ಏನು ಅಂತ ಯಾರು ಹೇಳುತ್ತಾರೆ? 1993ರಲ್ಲಿ ಗೋವಾದ ಒಂದು ಚರಸ್ ಕೇಸಿನಲ್ಲಿ ಎರಡು ತುಂಡಿನಲ್ಲಿ ಒಂದನ್ನು ಮಾತ್ರ ಪರೀಕ್ಷೆಗೆ ಕಳಿಸಿದ್ದರು. ಆ ಒಂದು ತುಂಡಿನ ತೂಕವನ್ನಷ್ಟೇ ಸುಪ್ರೀಂ ಕೋರ್ಟ್ ಲೆಕ್ಕಕ್ಕೆ ತಗೊಂಡಿತು. ಆದರೆ ಬಣ್ಣ, ಗುಣ ಎಲ್ಲ ಒಂದೇ ಥರ ಇದ್ದರೆ ಪೊಟ್ಟಣಗಳನ್ನು ಗುಂಪು ಮಾಡಿ ಸ್ಯಾಂಪಲ್ ತೆಗೆಯಲು ನಿಯಮದಲ್ಲಿ ಅವಕಾಶ ಇದೆ. 2022ರ ಡಿಸೆಂಬರಿನಿಂದ ಹೊಸ ನಿಯಮಗಳೂ ಬಂದಿವೆ. ನಿಮ್ಮ ಕೇಸಿನ ಜಪ್ತಿ ಅದಕ್ಕೆ ಮೊದಲೋ ನಂತರವೋ ಅನ್ನುವುದನ್ನು ವಕೀಲರಿಗೆ ಮೊದಲೇ ಹೇಳಿ.

ಹಂತ 4: ಹುಡುಕಾಟದಿಂದ ಲ್ಯಾಬಿನವರೆಗೆ ಸರಪಳಿ ನೋಡಿ

ಇದು ಬಿಡುಗಡೆ ಕೇಳುವ ದಾರಿ. ಶಿಕ್ಷೆ ಕಠಿಣ ಆದ್ದರಿಂದ ಕಾನೂನು ಪೊಲೀಸರ ಮೇಲೂ ಕಠಿಣ ಷರತ್ತು ಹಾಕಿದೆ.

ಕಲಂ 42. ಮನೆ, ಗೋದಾಮು, ವಾಹನದ ಬಗ್ಗೆ ಗುಪ್ತ ಮಾಹಿತಿ ಬಂದರೆ ಅದನ್ನು ಬರೆದಿಡಬೇಕು, 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು. 2009ರ ಕರ್ನೈಲ್ ಸಿಂಗ್ ತೀರ್ಪಿನ ಪ್ರಕಾರ, ತಡವಾಗಿ ಮಾಡಿ ಒಪ್ಪುವಂಥ ಕಾರಣ ಕೊಟ್ಟರೆ ನಡೆಯುತ್ತದೆ, ಮಾಡಿಯೇ ಇಲ್ಲ ಅಂದರೆ ನಡೆಯುವುದಿಲ್ಲ. ರಸ್ತೆ ಅಂಚಿನಲ್ಲಿ ಹಿಡಿದರೆ ಸಾರ್ವಜನಿಕ ಸ್ಥಳ, ಕಲಂ 43, ಅಲ್ಲಿ ಈ ಷರತ್ತು ಇಲ್ಲ ಅಂತ ಸರ್ಕಾರ ಹೇಳುತ್ತದೆ. ಆದರೆ ರಸ್ತೆಯಲ್ಲಿದ್ದರೂ ಖಾಸಗಿ ವಾಹನ ಸಾರ್ವಜನಿಕ ಸ್ಥಳ ಅಲ್ಲ ಅಂತ 2021ರ ಬೂಟಾ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾರಿನಲ್ಲಿ ಸಿಕ್ಕ ಕೇಸುಗಳಿಗೆ ಇದು ಬಹಳ ಮುಖ್ಯ.

ಕಲಂ 50. ಮೈ ತಪಾಸಣೆ ಮಾಡುವ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ತಪಾಸಣೆ ಮಾಡಿಸಿಕೊಳ್ಳುವ ಹಕ್ಕು ನಿಮಗಿದೆ ಅಂತ ತಿಳಿಸಬೇಕು. ಇದು ಕಡ್ಡಾಯ ಅಂತ 2010ರಲ್ಲಿ ವಿಜಯಸಿಂಹ ಜಡೇಜಾ ಕೇಸಿನಲ್ಲಿ ಸಂವಿಧಾನ ಪೀಠವೇ ಹೇಳಿದೆ. ನಾಲ್ಕು ಜನಕ್ಕೆ ಸೇರಿಸಿ ಒಂದೇ ನೋಟಿಸ್ ಕೊಟ್ಟಿದ್ದಾರಾ? ‘ನಮ್ಮಿಂದಲೇ ಆದರೂ ಆಗಬಹುದು’ ಅಂತ ಮೂರನೇ ಆಯ್ಕೆ ಸೇರಿಸಿದ್ದಾರಾ? 2014ರ ಪರಮಾನಂದ ತೀರ್ಪು ಇವೆರಡನ್ನೂ ತಪ್ಪು ಅಂದಿದೆ. ನೋಟಿಸ್ ಕನ್ನಡದಲ್ಲಿದ್ದು ಆರೋಪಿಗೆ ಹಿಂದಿ ಮಾತ್ರ ಗೊತ್ತಿದ್ದರೆ ಅದನ್ನೂ ಎತ್ತಿ ಹೇಳಿ.

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಕಲಂ 50 ಮೈ ತಪಾಸಣೆಗೆ ಮಾತ್ರ. ಬ್ಯಾಗಿನಲ್ಲಿ, ಡಿಕ್ಕಿಯಲ್ಲಿ, ಅಟ್ಟದ ಮೇಲೆ ಸಿಕ್ಕಿದ್ದಕ್ಕೆ ಇದು ಅನ್ವಯ ಆಗುವುದಿಲ್ಲ. ಬ್ಯಾಗಿನ ಕೇಸಿನಲ್ಲಿ ಹತ್ತು ಪುಟ ಕಲಂ 50 ಬರೆದರೆ ನಿಜವಾದ ಆಧಾರ ಅದರ ಕೆಳಗೆ ಮುಚ್ಚಿಹೋಗುತ್ತದೆ.

ಕಲಂ 52ಎ. ಜಪ್ತಿಯಾದ ಮಾಲಿನ ಪಟ್ಟಿ, ಫೋಟೋ, ಸ್ಯಾಂಪಲ್ ಎಲ್ಲ ಮ್ಯಾಜಿಸ್ಟ್ರೇಟ್ ಮುಂದೆ ಆಗಬೇಕು. 2016ರ ಮೋಹನ್‌ಲಾಲ್ ತೀರ್ಪಿನ ನಂತರ ಇದರ ಮೇಲೆ ಹಲವರು ಬಿಡುಗಡೆ ಆಗಿದ್ದಾರೆ. ಆದರೆ 2025ರ ಜನವರಿಯಲ್ಲಿ ಭಾರತ್ ಅಂಬಾಲೆ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು: ಈ ಕಲಂ ಪಾಲಿಸಿಲ್ಲ ಅನ್ನುವುದೊಂದರಿಂದಲೇ ಕೇಸು ಬೀಳುವುದಿಲ್ಲ, ಅದರಿಂದ ಸಾಕ್ಷ್ಯದ ಮೇಲೆ ಅನುಮಾನ ಬರಬೇಕು. ಆದ್ದರಿಂದ ‘52ಎ ಪಾಲಿಸಿಲ್ಲ’ ಅಂತ ಬರೆದು ನಿಲ್ಲಿಸಬೇಡಿ. ಸೀಲಿನ ಗುರುತು ಮಹಜರಿನಲ್ಲಿ ಒಂದು, ಲ್ಯಾಬಿನ ವರದಿಯಲ್ಲಿ ಇನ್ನೊಂದು ಇದೆಯಾ? ಜಪ್ತಿಯಾದ ದಿನದಿಂದ ಲ್ಯಾಬಿಗೆ ಹೋದ ದಿನದವರೆಗೆ ಮಾಲು ಯಾರ ಹತ್ತಿರ ಇತ್ತು? ರಿಜಿಸ್ಟರಿನಲ್ಲಿ ಬರೆದಿದೆಯಾ? ಮುದ್ದೆಮಾಲನ್ನು ಕೋರ್ಟಿಗೆ ತಂದು ತೋರಿಸಿದ್ದಾರಾ? ಈ ತಾರೀಖುಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದರೆ ಖಾಲಿ ಜಾಗ ತಾನಾಗೇ ಕಾಣುತ್ತದೆ.

ಹೇಳಿಕೆ. ಕಲಂ 67ರ ಅಡಿ ಅಧಿಕಾರಿಗಳು ಬರೆಸಿಕೊಂಡ ತಪ್ಪೊಪ್ಪಿಗೆ ಸಾಕ್ಷ್ಯ ಆಗುವುದಿಲ್ಲ ಅಂತ 2020ರ ಅಕ್ಟೋಬರಿನಲ್ಲಿ ತೂಫಾನ್ ಸಿಂಗ್ ತೀರ್ಪು ಹೇಳಿದೆ. ಸಹ ಆರೋಪಿಯ ಹೇಳಿಕೆ ಮೇಲೆ ಸಂಚಿನ ಕಲಂ 29 ಹಾಕಿ ಶಿಕ್ಷೆ ಕೊಟ್ಟಿದ್ದರೆ, ಆ ಹೇಳಿಕೆ ತೆಗೆದಮೇಲೆ ಏನು ಉಳಿಯುತ್ತದೆ ನೋಡಿ. ಎಷ್ಟೋ ಸಲ ಫೋನ್ ಕರೆಗಳ ಪಟ್ಟಿ ಬಿಟ್ಟು ಬೇರೇನೂ ಉಳಿಯುವುದಿಲ್ಲ.

ತಿಳಿದು ಇಟ್ಟುಕೊಂಡಿದ್ದರಾ? ಕಲಂ 35 ಮತ್ತು 54 ಆರೋಪಿಯ ವಿರುದ್ಧ ಊಹೆ ಮಾಡಲು ಬಿಡುತ್ತವೆ. ಆದರೆ ಮಾಲು ಇವರ ವಶದಲ್ಲೇ ಇತ್ತು ಅನ್ನುವ ಬುನಾದಿಯನ್ನು ಸರ್ಕಾರವೇ ಮೊದಲು ಹಾಕಬೇಕು. ಬಸ್ಸಿನ ಸೀಟಿನ ಕೆಳಗಿನ ಚೀಲ, ಆಟೋ ಡ್ರೈವರ್, ಬಾಡಿಗೆ ಮನೆಯ ಇನ್ನೊಂದು ಕೋಣೆ: ಇಂಥ ಕೇಸುಗಳಲ್ಲಿ ಇದು ಮುಖ್ಯ ಆಧಾರ.

ಕೈಬಿಡಬೇಕಾದ ವಾದವೂ ಒಂದಿದೆ. ದೂರು ಕೊಟ್ಟ ಅಧಿಕಾರಿಯೇ ತನಿಖೆ ಮಾಡಿದ್ದಾರೆ ಅನ್ನುವುದೊಂದೇ ಬಿಡುಗಡೆಗೆ ಸಾಕು ಅಂತ 2018ರ ತೀರ್ಪು ಹೇಳಿತ್ತು. 2020ರ ಆಗಸ್ಟಿನಲ್ಲಿ ಮುಕೇಶ್ ಸಿಂಗ್ ತೀರ್ಪು ಅದನ್ನು ಬದಲಿಸಿತು. ಪಕ್ಷಪಾತ ಏನಾಯಿತು ಅಂತ ತೋರಿಸದಿದ್ದರೆ ಈಗ ಅದು ನಿಲ್ಲುವುದಿಲ್ಲ. ಹಳೆಯ ಅಪೀಲನ್ನು ನಕಲು ಮಾಡಿ ಬರೆದ ಕರಡಿನಲ್ಲಿ ಇದು ಇನ್ನೂ ಕಾಣುತ್ತದೆ.

ಹಂತ 5: ಅಪೀಲಿನಲ್ಲಿ ಏನೇನು ಕೇಳಬೇಕು

ಬರೀ ‘ಬಿಡುಗಡೆ ಮಾಡಿ’ ಅಂತ ಕೇಳಿ ನಿಲ್ಲಿಸುವುದು ದೊಡ್ಡ ತಪ್ಪು. ಕರಡು ಬಂದಾಗ ಕೊನೆಯ ಪುಟದ ಕೋರಿಕೆಗಳನ್ನು ಓದಿ. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇರಬೇಕು.

ಮೊದಲು ಬಿಡುಗಡೆ. ಅದಾಗದಿದ್ದರೆ ವಾಣಿಜ್ಯ ಪ್ರಮಾಣದಿಂದ ನಡುವಿನ ಪ್ರಮಾಣಕ್ಕೆ ಇಳಿಸಿ, ಈಗಾಗಲೇ ಅನುಭವಿಸಿದ ಅವಧಿಗೆ ಶಿಕ್ಷೆ ಸೀಮಿತ ಮಾಡಿ. ಅದೂ ಆಗದಿದ್ದರೆ, 10ಕ್ಕಿಂತ ಹೆಚ್ಚು ಕೊಟ್ಟಿದ್ದರೆ 10ಕ್ಕೆ ಇಳಿಸಿ. ಕನಿಷ್ಠಕ್ಕಿಂತ ಜಾಸ್ತಿ ಕೊಡುವಾಗ ಏನೇನು ನೋಡಬಹುದು ಅಂತ ಕಲಂ 32ಬಿ ಹೇಳುತ್ತದೆ: ಆಯುಧ ಬಳಸಿದ್ದು, ಸರ್ಕಾರಿ ಹುದ್ದೆ ದುರುಪಯೋಗ, ಅಪ್ರಾಪ್ತರನ್ನು ಬಳಸಿದ್ದು, ಶಾಲೆಯ ಹತ್ತಿರ ಮಾಡಿದ್ದು, ಇಂಥವು. ಇವಷ್ಟೇ ಅಲ್ಲ, ಮಾಲಿನ ಪ್ರಮಾಣವನ್ನೂ ಕೋರ್ಟ್ ನೋಡಬಹುದು. ಆದರೆ ತೀರ್ಪಿನಲ್ಲಿ ಕಾರಣವೇ ಕೊಡದೆ 14 ವರ್ಷ ಬರೆದಿದ್ದರೆ ಆ ನಾಲ್ಕು ವರ್ಷಕ್ಕೆ ಹೋರಾಡಬಹುದು. ಮನೆಯ ಕಷ್ಟ, ಮೊದಲ ಅಪರಾಧ, ವಯಸ್ಸು ಹೇಳುವುದಕ್ಕೆ ಸರಿಯಾದ ಜಾಗ ಇದು.

ಆಮೇಲೆ ದಂಡ ಕಟ್ಟದಿದ್ದರೆ ಅನುಭವಿಸಬೇಕಾದ ಸಜೆ. ಯಾರೂ ಇದನ್ನು ಗಮನಿಸುವುದಿಲ್ಲ. 1 ಲಕ್ಷ ಕಟ್ಟಲಾಗದ ಬಡವರು ಹತ್ತು ವರ್ಷ ಮುಗಿದ ಮೇಲೂ ಒಳಗೇ ಇರುತ್ತಾರೆ. 2007ರ ಶಾಂತಿಲಾಲ್ ಕೇಸಿನಲ್ಲಿ ಹತ್ತು ವರ್ಷದ ಶಿಕ್ಷೆಯನ್ನು ಉಳಿಸಿಯೂ, ದಂಡ ಕಟ್ಟದ್ದಕ್ಕೆ ಕೊಟ್ಟಿದ್ದ 3 ವರ್ಷವನ್ನು ಸುಪ್ರೀಂ ಕೋರ್ಟ್ 6 ತಿಂಗಳಿಗೆ ಇಳಿಸಿತು. ಈ ಕೋರಿಕೆ ನಿಮ್ಮ ಅಪೀಲಿನಲ್ಲಿ ಇರಲೇಬೇಕು.

ಕೊನೆಗೆ ಎರಡು ಚಿಕ್ಕ ವಿಷಯ. ವಿಚಾರಣೆ ವೇಳೆ ಜೈಲಿನಲ್ಲಿ ಕಳೆದ ದಿನಗಳನ್ನು ಬಿಎನ್‌ಎಸ್‌ಎಸ್ ಕಲಂ 468ರಂತೆ ಶಿಕ್ಷೆಯಲ್ಲಿ ಕಳೆದಿದ್ದಾರಾ? ಎರಡು ಮೂರು ಕಲಂಗಳ ಶಿಕ್ಷೆ ಒಟ್ಟಿಗೆ ನಡೆಯಬೇಕು ಅಂತ ಬರೆದಿದ್ದಾರಾ? ಬರೆಯದಿದ್ದರೆ ಒಂದಾದ ಮೇಲೊಂದು ಶುರುವಾಗಬಹುದು.

ಹಂತ 6: ಶಿಕ್ಷೆ ಅಮಾನತು ಅರ್ಜಿ

ಅಪೀಲು ವಿಚಾರಣೆಗೆ ಬರಲು ವರ್ಷಗಳೇ ಹಿಡಿಯಬಹುದು. ಅಲ್ಲಿಯವರೆಗೆ ಹೊರಗಿರಲು ಬಿಎನ್‌ಎಸ್‌ಎಸ್ ಕಲಂ 430ರ ಅರ್ಜಿ ಬೇಕು. ಎನ್‌ಡಿಪಿಎಸ್ ಕಲಂ 32ಎ ಶಿಕ್ಷೆ ಅಮಾನತು ಮಾಡಬಾರದು ಅನ್ನುತ್ತದೆ. 2000ದ ದಾದು ತೀರ್ಪು, ಕೋರ್ಟಿನ ಅಧಿಕಾರವನ್ನು ಹೀಗೆ ಕಸಿಯುವಂತಿಲ್ಲ, ಆದರೆ ಕಲಂ 37ರ ಷರತ್ತು ಪಾಲಿಸಲೇಬೇಕು ಅಂದಿತು. ಅಂದರೆ ಸರ್ಕಾರಿ ವಕೀಲರಿಗೆ ವಿರೋಧಿಸಲು ಅವಕಾಶ ಕೊಡಬೇಕು. ಇವರು ತಪ್ಪಿತಸ್ಥರಲ್ಲ ಅಂತ ನಂಬಲು ಕಾರಣ ಇದೆ, ಹೊರಗೆ ಬಂದರೆ ಮತ್ತೆ ಅಪರಾಧ ಮಾಡುವುದಿಲ್ಲ ಅಂತ ಎರಡೂ ಕೋರ್ಟಿಗೆ ಅನ್ನಿಸಬೇಕು.

ಹಾಗಾಗಿ ಅಪೀಲಿನ ಜೊತೆ ಎರಡು ಪುಟದ ಖಾಲಿ ಅರ್ಜಿ ಹಾಕಿ ವಜಾ ಮಾಡಿಸಿಕೊಳ್ಳಬೇಡಿ. ಒಮ್ಮೆ ವಜಾ ಆದರೆ ಎರಡನೇ ಸಲ ಹೊಸ ಕಾರಣ ಬೇಕಾಗುತ್ತದೆ. ಹಂತ 3 ಮತ್ತು 4ರಲ್ಲಿ ಸಿಕ್ಕ ಅತಿ ಬಲವಾದ ಒಂದೋ ಎರಡೋ ಆಧಾರ, ಅದಕ್ಕೆ ಸೇರಿದ ಮಹಜರಿನ ಪುಟ, ಜೈಲಿನಲ್ಲಿ ಕಳೆದ ಅವಧಿಯ ಪ್ರಮಾಣಪತ್ರ, ಬೇರೆ ಕೇಸು ಇಲ್ಲ ಅನ್ನುವ ವಿವರ, ಇರುವ ಮನೆಯ ವಿಳಾಸ ಇಷ್ಟು ಇಟ್ಟು ಹಾಕಿ. ತೂಕವೇ ವಾಣಿಜ್ಯ ಪ್ರಮಾಣ ದಾಟಿಲ್ಲ ಅಂತ ಮೇಲ್ನೋಟಕ್ಕೇ ತೋರಿಸಿದರೆ ಕಲಂ 37ರ ಗೋಡೆಯೇ ಸರಿಯುತ್ತದೆ. ಅರ್ಧ ಶಿಕ್ಷೆ ಮುಗಿದರೆ ತಾನಾಗಿ ಬಿಡುತ್ತಾರೆ ಅನ್ನುವುದು ಸುಳ್ಳು. ಆದರೆ ಬಹಳ ವರ್ಷ ಒಳಗಿದ್ದು ಅಪೀಲು ಸದ್ಯಕ್ಕೆ ಬರುವ ಲಕ್ಷಣ ಇಲ್ಲದಿದ್ದರೆ ಅದನ್ನು ಖಂಡಿತ ಹೇಳಬೇಕು.

ಅಮಾನತು ಸಿಕ್ಕರೆ ದಂಡ ಕಟ್ಟುವ ಷರತ್ತು ಹಾಕಬಹುದು, ದುಡ್ಡಿನ ವ್ಯವಸ್ಥೆ ಮೊದಲೇ ಯೋಚಿಸಿ. ಪೆರೋಲ್ ಬೇರೆ ವಿಷಯ. ಕಲಂ 32ಎ ಅದನ್ನು ತಡೆಯುವುದಿಲ್ಲ ಅಂತ ಅದೇ ದಾದು ತೀರ್ಪಿನಲ್ಲಿದೆ. ತಾಯಿಯ ಕಾಯಿಲೆಗೆ ಪೆರೋಲ್ ಕೇಳುವುದಾದರೆ ಜೈಲಿನ ಮೂಲಕ ಕೇಳಿ.

ಹಂತ 7: ಹಾಕಿದ ಮೇಲೆ ಮರೆಯಬೇಡಿ

ಅಪೀಲು ಹಾಕಿದ ಕೂಡಲೇ ಕಚೇರಿ ಆಕ್ಷೇಪಣೆ ಬರುತ್ತದೆ: ಪುಟ ಸ್ಪಷ್ಟ ಇಲ್ಲ, ಸಹಿ ಇಲ್ಲ, ತರ್ಜುಮೆ ಇಲ್ಲ ಅಂತ. ಅದನ್ನು ಸರಿಪಡಿಸದಿದ್ದರೆ ಅಪೀಲು ಅಲ್ಲೇ ಬಿದ್ದುಹೋಗಬಹುದು. ಎರಡು ವಾರಕ್ಕೊಮ್ಮೆ ವೆಬ್‌ಸೈಟಿನಲ್ಲಿ ಸ್ಥಿತಿ ನೋಡಿ. ಕೆಳಗಿನ ಕೋರ್ಟಿನ ಮೂಲ ದಾಖಲೆಗಳು ಹೈಕೋರ್ಟಿಗೆ ಬಂದವಾ ಅಂತ ವಕೀಲರನ್ನು ಕೇಳಿ. ಅವು ಬರದೆ ಕೊನೆಯ ವಿಚಾರಣೆ ನಡೆಯುವುದಿಲ್ಲ.

‘ಅಪೀಲು ಹಾಕಿದರೆ ಶಿಕ್ಷೆ ಜಾಸ್ತಿ ಮಾಡುತ್ತಾರಂತೆ’ ಅಂತ ಹೆದರಿ ಹಿಂದೆ ಸರಿಯುವವರಿದ್ದಾರೆ. ನಿಮ್ಮ ಅಪೀಲಿನಲ್ಲಿ ಶಿಕ್ಷೆ ಹೆಚ್ಚಿಸುವ ಹಾಗಿಲ್ಲ. ಸರ್ಕಾರ ಪ್ರತ್ಯೇಕ ಅಪೀಲು ಹಾಕಿದ್ದರೆ ಮಾತ್ರ ಆ ಪ್ರಶ್ನೆ. ಅಂಥ ನೋಟಿಸ್ ಜೈಲಿಗೋ ಮನೆಗೋ ಬಂದರೆ ಅದೇ ದಿನ ವಕೀಲರಿಗೆ ಕೊಡಿ.

ಹಂತ 8: ಹೈಕೋರ್ಟಿನಲ್ಲೂ ಸೋತರೆ

ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ, 90 ದಿನದೊಳಗೆ. ಹೊರಗಿದ್ದವರು ಶರಣಾದ ಪ್ರಮಾಣಪತ್ರ ಇಡಬೇಕು, ಇಲ್ಲವೇ ವಿನಾಯಿತಿ ಕೇಳಬೇಕು. ಅಲ್ಲಿಯೂ ಕಾನೂನು ಸೇವಾ ಸಮಿತಿ ಇದೆ.

ಕನ್ನಡದ ದಾಖಲೆಗಳೆಲ್ಲ ಅಲ್ಲಿಗೆ ಇಂಗ್ಲಿಷ್ ತರ್ಜುಮೆಯಾಗಿ ಹೋಗುತ್ತವೆ. ತರ್ಜುಮೆ ಪ್ರತಿ ಬಂದಾಗ ಮಹಜರಿನ ಪುಟ ತೆಗೆದು ಕನ್ನಡದ ಪಕ್ಕ ಇಟ್ಟು ನೋಡಿ. ಕನ್ನಡದಲ್ಲಿ ‘ಎಲೆ, ಕಾಂಡ, ಬೀಜ ಮಿಶ್ರಿತ ಗಾಂಜಾ ಸೊಪ್ಪು’ ಅಂತ ಇದ್ದದ್ದು ಇಂಗ್ಲಿಷಿನಲ್ಲಿ ಬರೀ ‘ಗಾಂಜಾ’ ಆಗಿರುತ್ತದೆ. ತರ್ಜುಮೆ ಮಾಡಿದವರಿಗೆ ಅದು ಒಂದೇ ಅನ್ನಿಸಿರುತ್ತದೆ. ಅರ್ಜಿ ಹಾಕುವ ಮೊದಲೇ ವಕೀಲರಿಗೆ ತೋರಿಸಿ, ಪದಕ್ಕೆ ಪದ ಸರಿ ಮಾಡಿಸಿ.